ಶಿವಣ್ಣ, ನಿಮ್ಮ ಕಿವಿ ಸರಿಯಾಗಿತ್ತು

ನಾನು ಆ ಮಾತು ಹೇಳಲಿಲ್ಲ. ಒಂದು ಸಲವೂ ಹೇಳಲಿಲ್ಲ. ಹೇಳಿದ್ದೆ ಎಂದು ವಿಚಾರಣೆಯ ಕೋಣೆಯಲ್ಲಿ ಸುಳ್ಳು ಹೇಳಿದೆ. ನೀವು ನಂಬಿದಿರಿ, ಶಿವಣ್ಣ. ಇಷ್ಟು ವರ್ಷವಾದರೂ ನಂಬಿಕೊಂಡೇ ಇದ್ದೀರಿ.

ಬೇರೆಯವರು ಇದನ್ನು ಓದಿದರೆ ಅವರಿಗೂ ತಿಳಿಯಲಿ. ಶಿವಣ್ಣ ಹಾನಗಲ್ ತಾಲೂಕಿನ ಆಡೂರಿನವರು, ನಮ್ಮ ಕಡೆಯಿಂದ ಮೊದಲು ವಿಮಾನ ಹಾರಿಸಿದವರು. ನಾನು ಸವಣೂರಿನ ಎಲೆತೋಟದ ಮನೆಯ ಗಿರಿಜಾ. ಪೈಲಟ್ ಲೈಸೆನ್ಸ್ ಇದ್ದೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ, ಅವರ ಕಂಪನಿಯಲ್ಲಿ ನೇಮಕಾತಿ ಶುರುವಾಯಿತೆಂದು ಫೋನ್ ಮಾಡಿದವರು ಅವರೇ. ಸಂದರ್ಶನಕ್ಕೆ ಫೋನಿನಲ್ಲೇ ತಯಾರಿ ಮಾಡಿಸಿದರು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ತಪ್ಪಾಗಿದ್ರ ತಪ್ಪಾಗೇತಿ ಅನ್ನು. ಅವ್ರು ನೋಡೂದು ಅಷ್ಟ, ತಂಗಿ." ಹಾಗೆಯೇ ಮಾಡಿದೆ, ಕೆಲಸ ಸಿಕ್ಕಿತು.

ನಿಮ್ಮ ಪಕ್ಕದ ಸೀಟಿನಲ್ಲಿ ಸಹಪೈಲಟ್ ಆಗಿ ಕೂತ ಮೊದಲ ದಿನ ನೀವು ಅಂದದ್ದು ನೆನಪಿದೆಯೇ? "ಇಲ್ಲಿ ಅಣ್ಣ-ತಂಗಿ ಇಲ್ಲವ್ವಾ. ನಾ ತಪ್ಪಿದ್ರ ಬಾಯಿ ಮಾಡು. ಎತ್ತು ಬದು ಹತ್ತಾಕ ಹೊಂಟ್ರ, ಹೊಡಿಯಾಂವ ಹಿರ್ಯಾಂವ ಅಂತ ಸುಮ್ನ ಕುಂದರ್ತಾರೇನು?" ಇಬ್ಬರೂ ನಕ್ಕೆವು. ನನ್ನ ಚೀಲದಲ್ಲಿದ್ದ ಸವಣೂರು ಖಾರದ ಪೊಟ್ಟಣ ಬಿಚ್ಚಿ, ಅರ್ಧಕ್ಕಿಂತ ಹೆಚ್ಚು ನೀವೇ ತಿಂದಿರಿ.

ಆಮೇಲೆ ಹುಬ್ಬಳ್ಳಿಯ ಸುದ್ದಿ ಬಂತು. ಕಂಪನಿ ಅಲ್ಲಿ ಪೈಲಟ್‌ಗಳಿಗೆ ಹೊಸ ನೆಲೆ, ನಮ್ಮ ಮಾತಿನಲ್ಲಿ ಬೇಸ್, ತೆರೆಯುವುದಿತ್ತು. ನಮ್ಮಲ್ಲಿ ಹೀಗೆ ಜಾಗ ಖಾಲಿಯಾದಾಗ 'ಬಿಡ್' ಕರೆಯುತ್ತಾರೆ. ಯಾವ ಊರು, ಯಾವ ಸೀಟು ಬೇಕೆಂದು ಪೈಲಟ್‌ಗಳು ಕೇಳಿಕೊಳ್ಳಬೇಕು. ಹಿರಿತನ ನೋಡಿ, ಮೇಲೆ ಯಾವ ಕಪ್ಪುಚುಕ್ಕೆಯೂ ಇಲ್ಲವೆಂದು ನೋಡಿ ಕೊಡುತ್ತಾರೆ. ಒಂದು ಕ್ಯಾಪ್ಟನ್ ಸೀಟು ಮಾತ್ರ ಉಳಿದಿತ್ತು. ನೀವು ಆಗಲೇ ಕ್ಯಾಪ್ಟನ್. ಊರ ಹತ್ತಿರ ಬರಬೇಕೆಂದು ಕೇಳಿದಿರಿ. ನಾನು ಕ್ಯಾಪ್ಟನ್ ಆಗಬೇಕೆಂದು ಅದನ್ನೇ ಕೇಳಿದೆ. ನೀವು ಮುಂದೆ, ನಿಮ್ಮ ಹಿಂದೆಯೇ ನಾನು. "ನಾ ಸತ್ರ ನಿಂದ ನೋಡು ಆ ಸೀಟು" ಎಂದು ಚೇಷ್ಟೆ ಮಾಡಿದಿರಿ. ನಾನೂ ನಕ್ಕೆ — ನಕ್ಕೆನೇ? ಈಗ ಖಾತ್ರಿಯಿಲ್ಲ.

ಆ ಸಂಜೆ ಹುಬ್ಬಳ್ಳಿಯಿಂದ ಹೊರಟು ಕರಾವಳಿಯ ಕಡೆ ಇಳಿಯುತ್ತಿದ್ದೆವು. ಮಳೆ. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ. ಅದರ ತುದಿಯಾಚೆ ಇಳಿಜಾರು, ಇಳಿಜಾರಿನಾಚೆ ಏನೂ ಇಲ್ಲ. ಕೊನೆ ಗಳಿಗೆಯಲ್ಲಿ ಗಾಳಿ ತಿರುಗಿ ಬೆನ್ನಿಗೆ ಬಿತ್ತು. ವೇಗ ಇಳಿಯಲಿಲ್ಲ. ಮುಳ್ಳು ಎಲ್ಲಿರಬೇಕೋ ಅಲ್ಲಿರಲಿಲ್ಲ — ನನಗೆ ಕಾಣುತ್ತಿತ್ತು. ಅದನ್ನು ನೋಡುವುದೇ ನನ್ನ ಕೆಲಸ. ಅಂಥ ಹೊತ್ತಿಗೆ ಸಹಪೈಲಟ್ ಹೇಳಬೇಕಾದ ಮಾತು ಒಂದೇ: "ಗೋ ಅರೌಂಡ್." ಇಳಿಯಬೇಡ, ಮತ್ತೆ ಮೇಲೇರು ಎಂದು ಅರ್ಥ. ಅದನ್ನು ಕೇಳಿದ ಕ್ಯಾಪ್ಟನ್ ವಾದ ಮಾಡುವ ಹಾಗಿಲ್ಲ, ಏರಲೇಬೇಕು.

ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ — ನೀವು ಶಿವಣ್ಣ, ನನಗೆ ಈ ಸೀಟು ಕೊಡಿಸಿದವರು, ನಿಮ್ಮ ಅವ್ವನ ಕೈಯ ರೊಟ್ಟಿ ಉಂಡಿದ್ದೆ. ನಿಮಗೆ ಆಜ್ಞೆ ಮಾಡುವುದೇ? ಮನೆಯಲ್ಲಿ ಹಿರಿಯರಿಗೆ ಹೇಳುವ ಹಾಗೆ, ಕೇಳುವ ದನಿಯಲ್ಲಿ ಹೇಳಿದೆ:

"ಅಣ್ಣಾ, ಸ್ವಲ್ಪ ಜೋರ್ ಹೊಂಟೇವೇನ್ರಿ?"

"ಬರತೈತಿ, ಬರತೈತಿ," ಅಂದಿರಿ.

ನಾನು ಸುಮ್ಮನಾದೆ.

ಚಕ್ರ ನೆಲ ಮುಟ್ಟಿದಾಗ ಅರ್ಧ ರನ್‌ವೇ ಹಿಂದೆ ಹೋಗಿತ್ತು. ನೀರಿನ ಮೇಲೆ ಟೈರು ಜಾರುವುದು ನನ್ನ ಕಾಲಿಗೇ ತಿಳಿಯುತ್ತಿತ್ತು. ತುದಿಯ ಕೆಂಪು ದೀಪಗಳು ಮೊದಲು ಒಂದು ಗೆರೆ, ಆಮೇಲೆ ಬಿಡಿಬಿಡಿ ದೀಪ, ಆಮೇಲೆ ಒಂದೊಂದರ ಗಾಜಿನ ಮೇಲೆ ಮಳೆ ಸಿಡಿಯುವುದೂ ಕಾಣುವಷ್ಟು — ಇಂದಿಗೂ ಕಣ್ಣು ಮುಚ್ಚಿದರೆ ಅವು ಬರುತ್ತವೆ, ನಿಲ್ಲುವುದಿಲ್ಲ. ಅಂದು ನಿಂತವು. ಮೂಗಿನ ಚಕ್ರದ ಮುಂದೆ ಮಲಗಲು ಒಬ್ಬ ಮನುಷ್ಯನಿಗೆ ಜಾಗವಿತ್ತೋ ಇಲ್ಲವೋ.

"ನಿಂತಿತವ್ವಾ," ಅಂದಿರಿ.

ಪ್ರಯಾಣಿಕರಿಗೆ ಏನೂ ತಿಳಿದಿರಲಿಲ್ಲ. ಧೋತರದ ಅಜ್ಜರೊಬ್ಬರು ಇಳಿಯುವಾಗ ಬಾಗಿಲಲ್ಲಿ ಇಣುಕಿ, "ಡ್ರೈವರ್ ಸಾಹೇಬ್ರು ಗಾಡಿ ಭಾಳ ಜೋರ್ ಹೊಡಿತಾರ್ ಬಿಡ್ರಿ!" ಎಂದು ನಗುತ್ತ ಹೋದರು. ನಾನು ಅವರಿಗೆ ನಮಸ್ಕಾರ ಮಾಡಿದೆ.

ಮರುದಿನ ನೀವೇ ಕಂಪನಿಗೆ ತಿಳಿಸಿದಿರಿ. ಅಷ್ಟರಲ್ಲಿ ಆ ವಿಮಾನ ಮತ್ತೆ ಹಾರಿತ್ತು. ವೇಗದ ಲೆಕ್ಕ ಯಂತ್ರದಲ್ಲಿ ಉಳಿದಿತ್ತು. ಆದರೆ ಧ್ವನಿ ದಾಖಲಿಸುವ ಯಂತ್ರದಲ್ಲಿ ನಮ್ಮ ಮಾತು, ಅದರ ಮೇಲೆ ಬೇರೆ ಪೈಲಟ್‌ಗಳ ಮಾತು ದಾಖಲಾಗಿ, ಅಳಿಸಿಹೋಗಿತ್ತು. ನಾವಿಬ್ಬರು ಏನು ಹೇಳುತ್ತೇವೋ ಅಷ್ಟೇ ಸಾಕ್ಷಿ.

"ನೀವು ಗೋ ಅರೌಂಡ್ ಹೇಳಿದಿರಾ?" ಎಂದು ವಿಚಾರಣೆಯಲ್ಲಿ, ನಿಮ್ಮ ಎದುರಲ್ಲೇ, ಅಧಿಕಾರಿ ನನ್ನನ್ನು ಕೇಳಿದರು.

ಇಲ್ಲ ಎಂದರೆ ನಾನೂ ತಪ್ಪಿತಸ್ಥಳು. ಮತ್ತೆ ತರಬೇತಿ, ಬಿಡ್‌ನಿಂದ ಹೊರಗೆ. "ಹೇಳಿದೆ ಸರ್. ಇನ್ನೊಮ್ಮೆ ಹೇಳುವಷ್ಟರಲ್ಲಿ ಚಕ್ರ ನೆಲ ಮುಟ್ಟಿತ್ತು," ಎಂದೆ. ಮೊದಲೇ ಯೋಚಿಸಿಟ್ಟಿರಲಿಲ್ಲ — ಆದರೂ ಎಷ್ಟು ಅಳತೆಗೆ ಸರಿಯಾಗಿ ಬಂತು ಆ ಸುಳ್ಳು!

ನೀವು ಸಿಟ್ಟಾಗುತ್ತೀರಿ, "ಸುಳ್ಳು" ಎನ್ನುತ್ತೀರಿ ಎಂದು ಉಸಿರು ಹಿಡಿದಿದ್ದೆ. ನೀವು ನನ್ನ ಮುಖ ನೋಡಿದಿರಿ. ಆಮೇಲೆ ಅಧಿಕಾರಿಯ ಕಡೆ ತಿರುಗಿ ಮೆಲ್ಲಗೆ, "ಆಕೆ ಹೇಳಿದ್ದಾಳೆ ಅಂದರೆ ಹೇಳಿರುತ್ತಾಳೆ. ನನಗೆ ಕೇಳಿಸಿಲ್ಲ" ಎಂದಿರಿ.

ಹೊರಗೆ ಬಂದ ಮೇಲೆ ಕೇಳಿದಿರಿ: "ಜೋರ್ ಹೊಂಟೇವೇನ್ರಿ ಅಂದಿ, ಅದು ನೆನಪೈತಿ. ಗೋ ಅರೌಂಡ್ ಅಂದದ್ದು ಮಾತ್ರ... ಖರೇನ ಅಂದಿಯೇನವ್ವಾ?"

ಆಗಲೂ ಸಮಯವಿತ್ತು. ಅಲ್ಲಿ ಅಧಿಕಾರಿ ಇರಲಿಲ್ಲ, ಬಿಡ್ ಇರಲಿಲ್ಲ, ನಾವಿಬ್ಬರೇ. "ಮಳಿ ಸಪ್ಪಳ ಇತ್ತಲ್ರಿ ಅಣ್ಣಾ," ಎಂದೆ. ಮೊದಲಿನ ಸುಳ್ಳು ಹೆದರಿಕೆಯದು ಎಂದು ಹೇಳಬಹುದೇನೋ. ಎರಡನೆಯದಕ್ಕೆ ನನ್ನಲ್ಲಿ ಯಾವ ಹೆಸರೂ ಇಲ್ಲ.

ಕಂಪನಿ ನಿಮ್ಮನ್ನು ತೆಗೆಯಲಿಲ್ಲ. ತರಬೇತಿ ಮುಗಿಸಿ ಮತ್ತೆ ಹಾರಬಹುದಿತ್ತು. ನೀವು ಹೋದದ್ದು ಕಿವಿಯ ಡಾಕ್ಟರ ಹತ್ತಿರ. ಕಿವಿ ಸರಿಯಿದೆ ಎಂದರು. "ಹಾಗಾದರೆ ಗಂಡಾಂತರದಲ್ಲಿ ನನ್ನ ತಲೆಯೇ ಮುಚ್ಚಿಕೊಳ್ಳುತ್ತದೆ, ಇಂಥವನ ಹಿಂದೆ ಎಪ್ಪತ್ತು ಜನ ಕೂರಬಾರದು" ಎಂದು ನೀವೇ ತೀರ್ಮಾನಿಸಿದಿರಿ. ಬಿಡ್ ಹಿಂದಕ್ಕೆ ತೆಗೆದುಕೊಂಡಿರಿ. ನೌಕರಿ ಬಿಟ್ಟು ಶಿಗ್ಗಾಂವಿಯಲ್ಲಿ ತಮ್ಮನ ಕಾಳಿನ ಅಂಗಡಿಯಲ್ಲಿ ಕೂತಿರಿ. ಹುಬ್ಬಳ್ಳಿಯ ಸೀಟು ನನಗೆ ಬಂತು. ಅದಕ್ಕಾಗಿಯೇ ಸುಳ್ಳು ಹೇಳಿದೆನೇ? ಇಲ್ಲ, ನನ್ನನ್ನು ಉಳಿಸಿಕೊಳ್ಳಲು — ಎಂದು ಬರೆದು ಹೊಡೆದುಹಾಕಿದೆ. ಸೀಟು ಬಂದಾಗ ಬೇಡ ಎನ್ನಲಿಲ್ಲವಲ್ಲ.

ಮೊನ್ನೆ ಹಿರೇಕೆರೂರಿನ ಮದುವೆಯಲ್ಲಿ ನಿಮ್ಮನ್ನು ನೋಡಿದೆ. ಬಡಿಸುವವನು "ಅನ್ನ ಹಾಕ್ಲೇನ್ರಿ?" ಅಂದ. "ಏನಂದಿ? ಇನ್ನೊಮ್ಮೆ ಹೇಳು," ಅಂದಿರಿ. ನಿಮ್ಮ ಮನೆಯವರು ನನ್ನ ಕಿವಿಯಲ್ಲಿ, "ಎಲ್ಲಾ ಎರಡೆರಡು ಸಲ ಕೇಳ್ತಾರವ್ವಾ. ಕೇಳಿಸಿರ್ತೈತಿ, ಆದ್ರೂ ನಂಬಾಂಗಿಲ್ಲ," ಅಂದರು. ನೀವು ನನ್ನ ಕೈ ಹಿಡಿದು ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳಿದಿರಿ: "ಈಕಿ ನೋಡ್ರಿ, ನಮ್ಮ ತಂಗಿ. ಆವತ್ತ ಒದರಿ ಹೇಳಿದ್ಲು. ನಾನ ಕಿವುಡ!" ಎಲ್ಲರೂ ನಕ್ಕರು. ಮಗಳ ಕಡೆ ಬೆರಳು ಮಾಡಿ, "ಈಕಿನೂ ಪೈಲಟ್ ಆಗತೇನಿ ಅಂತಾಳ. ಬ್ಯಾಡ ಅಂದೇನಿ. ನನ್ನ ಮಗಳಲ್ಲೇನು, ನನ್ನ ತಲಿನ ಇದ್ದೀತು," ಎಂದಿರಿ.

ಆ ಹುಡುಗಿ ತಲೆ ತಗ್ಗಿಸಿ ಎಲೆಯ ಅಂಚು ಮಡಿಸುತ್ತ ಕೂತಿದ್ದಳು.

ಇಂದು ಬೆಳಿಗ್ಗೆ ಕಂಪನಿಗೆ ನಿಜ ತಿಳಿಸಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಸೀಟು ಅವರದು, ಅದಕ್ಕೂ ಮೊದಲು ನಿಮ್ಮದಾಗಬೇಕಿದ್ದದ್ದು. ಈಗ ಶಿಗ್ಗಾಂವಿಗೆ ಹೊರಟಿದ್ದೇನೆ. ನಿಮ್ಮ ಅಂಗಡಿಯಲ್ಲಿ ಗಿರಾಕಿಗಳಿದ್ದರೂ, ನಿಮ್ಮ ಮಗಳು ಅಲ್ಲೇ ನಿಂತಿದ್ದರೂ ಹೇಳುತ್ತೇನೆ. ಕೇಳುವ ದನಿಯಲ್ಲಿ ಅಲ್ಲ. ಕ್ಷಮಿಸಿ ಎನ್ನುವುದಿಲ್ಲ, ಅದನ್ನು ಕೇಳಿ ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಲಾರೆ.

ಒಂದೇ ಸಲ ಹೇಳುತ್ತೇನೆ, ಶಿವಣ್ಣ. ನಿಮಗೆ ಕೇಳಿಸುತ್ತದೆ.