ಬೋರಗಾಂವದ ಸ್ಲ್ಯಾಬ್ ಮತ್ತು ಮಟನ್ ಮುಂದೂಡಿಕೆ

ಗೆಳೆಯರೇ, ದಯವಿಟ್ಟು ಎದ್ದು ನಿಂತು ಓದಿ. ಬೋರಗಾಂವದಲ್ಲಿ ತುಕಾರಾಮ ಕಾಕಾನ ಮನೆಯ ಸ್ಲ್ಯಾಬ್ ಇವತ್ತು ಹಾಕಿ ಮುಗಿಯಿತು. ಕಾಂಟ್ರ್ಯಾಕ್ಟರ್ ಆದ ನಮ್ಮಪ್ಪ ನನ್ನ ಕೈಗೆ ಕೊಟ್ಟ ಮೊದಲ ಸೈಟು ಇದು.

ವಾರದಿಂದ ಕೆಲಸ ನಿಂತಿತ್ತು. ಕೇಳಿದರೆ ಒಂದಿನ ಮಿಕ್ಸರ್ ಕೆಟ್ಟಿದೆ, ಇನ್ನೊಂದಿನ ಆಳು ಬಂದಿಲ್ಲ. ಬೆಳಿಗ್ಗೆ ಕಾಕಾ ಸಿಟ್ಟಾದರು: "ಇವತ್ತ ಸ್ಲ್ಯಾಬ್ ಆಗ್ಲಿಲ್ಲಂದ್ರ ನಿಪ್ಪಾಣಿ ಕಾಂಟ್ರ್ಯಾಕ್ಟರ್‌ನ ಕರಸ್ತೀನಿ. ನಿಮ್ಮಪ್ಪಗ ಹೇಳಿಬಿಡು!"

ಮೇಸ್ತ್ರಿ ದಸ್ತಗೀರ ಮಾಮಾನನ್ನು ಉಸುಕಿನ ಗುಡ್ಡೆಯ ಹಿಂದೆ ಕರೆದೆ. "ಮಾಮಾ, ಖರೇ ಹೇಳ್ರಿ."

ಮಾಮಾ ನಾಚಿಕೊಂಡರು. "ಸ್ಲ್ಯಾಬಿನ ದಿನಾ ಮಾಲಕರು ಮಟನ್ ಊಟಾ ಹಾಕೂದು ಪದ್ಧತಿ. ಕಾಕಾಂದು ಶ್ರಾವಣ ನಡದೈತಿ. ಮುಗೀಲಿ ತಡೀರಿ ಅಂತಾರ ನಮ್ಮ ಮಂದಿ."

ಕೂಡಲೇ ಎಲ್ಲರನ್ನೂ ಸೇರಿಸಿ, ಸಿಮೆಂಟ್ ಚೀಲಗಳ ಮೇಲೆ ಹತ್ತಿ ನಿಂತು, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಮಟನ್ ರದ್ದಾಗಿಲ್ಲ, ಮುಂದೂಡಲಾಗಿದೆ! ಇವತ್ತ ಹೋಳಿಗಿ. ಸ್ಲ್ಯಾಬ್ ಗಟ್ಟಿಯಾಗಿ, ಕೆಳಗಿನ ಸೆಂಟ್ರಿಂಗ್ ಹಲಗಿ ಬಿಚ್ಚೂ ದಿನಾ ಮಟನ್. ಅಷ್ಟೊತ್ತಿಗೆ ಶ್ರಾವಣಾನೂ ಮುಗಿದಿರತೈತಿ."

ಕಾಕಾ ನಕ್ಕುಬಿಟ್ಟರು. "ಆತ್ ಬಿಡ್ಲೇ, ಹೊಟ್ಟಿತುಂಬ ಹಾಕ್ತೀನಿ."

ಕೆಟ್ಟಿದ್ದ ಮಿಕ್ಸರ್ ಆ ಕ್ಷಣವೇ ತಾನಾಗಿ ಗುಣವಾಯಿತು. ಸಂಜೆ ಕಾಕಾ ಅಪ್ಪನಿಗೆ ಫೋನ್ ಮಾಡಿ, "ನಿನ್ನ ಮಗಾ ಭಾಳ ಶಾಣ್ಯಾ ಅದಾನಪಾ" ಅಂದರು. ನಾನು ಫೋನಿನ ಪಕ್ಕದಲ್ಲೇ ಇದ್ದೆ. ಕೇಳಲಿಲ್ಲ ಅಂತ ಹೇಳಿ ಇನ್ನೊಮ್ಮೆ ಹೇಳಿಸಿದೆ.

ಹೊರಡುವಾಗ ದಸ್ತಗೀರ ಮಾಮಾ ಮೆಲ್ಲಗೆ ಕೇಳಿದರು: "ಸೆಂಟ್ರಿಂಗ್ ಸ್ವಲ್ಪ ಲಗೂನ ಬಿಚ್ಚಾಕ ಬರ್ತೈತೇನ್ರಿ?"

ಗೆಳೆಯರೇ, ತಡವನ್ನು ಗೆದ್ದಾಯಿತು. ಇನ್ನು ಆ ಸೆಂಟ್ರಿಂಗಿಗೆ ನಾನೇ ಕಾವಲು.