ಅಳಿಸಿದಷ್ಟೂ ಬೆಳೆದ ರಿಜಿಸ್ಟರು

ಅಂದು ಗುರುವಾರ. ಐದಕ್ಕೆ ಎದ್ದು ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಿದೆ. ಅತ್ತೆಗೆ ಶುಗರ್ ಮಾತ್ರೆ ಕೊಟ್ಟೆ. ಮೊಳಕೆಗೆ ಕಟ್ಟಿಟ್ಟಿದ್ದ ಹುರುಳಿಕಾಳಿನ ಮೇಲೆ ನೀರು ಚಿಮುಕಿಸಿದೆ. ಚಿತ್ರಾನ್ನ ಕಲಸಿ ಎರಡು ಡಬ್ಬಿಗೆ ತುಂಬಿದೆ, ಒಂದು ನನಗೆ, ಒಂದು ನಮ್ಮ ಮನೆಯವರಿಗೆ. ಅವರಿಗೆ ಆ ವಾರ ಹೊಸೂರಿನಲ್ಲಿ ಸೆಕೆಂಡ್ ಶಿಫ್ಟು. ಒಂದು ಬೆಡ್‌ಶೀಟು, ಎರಡು ಸೀರೆ ಒಗೆದು ಹರವಿದೆ. ಗ್ಯಾಸಿಗೆ ಫೋನ್ ಮಾಡಿದೆ. ಬೇಗೂರಿನಿಂದ ಶೇರ್ ಆಟೋದಲ್ಲಿ ಸಿಂಗಸಂದ್ರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಅತ್ತಿಬೆಲೆ ತಲುಪಿದೆ. ಎಂಟೂಕಾಲಿಗೆ ಕಾರ್ಖಾನೆಯ ಗೇಟಿನಲ್ಲಿದ್ದೆ.

ಹತ್ತು ವರ್ಷದ ಹತ್ತಿರ ಆಗಿದ್ದರೂ ಇದನ್ನೆಲ್ಲ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ದಿನದ ಕೆಲಸಗಳನ್ನು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಮದುವೆಗೆ ಮುಂಚಿನಿಂದಲೂ ನನ್ನ ಅಭ್ಯಾಸ. ಏನು ಮಾಡಿದೆ, ಏನು ಉಂಡೆವು, ಯಾರು ಮೊದಲು ಮಲಗಿದರು, ಅಷ್ಟೇ. ಅಂದಿನ ಪುಟ ಈಗ ನನ್ನ ಎದುರಿಗಿದೆ.

ದೆವ್ವ, ದೃಷ್ಟಿ, ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಂತ್ರಗಳ ವಿಷಯದಲ್ಲಂತೂ ಸುತರಾಂ ಇರಲಿಲ್ಲ. ನಮ್ಮದು ತಗಡಿನ ಬಿಡಿಭಾಗ ಒತ್ತುವ ಕಾರ್ಖಾನೆ. ಆಯುಧಪೂಜೆಯ ದಿನ ಆಪರೇಟರುಗಳು ಎಲ್ಲ ಪ್ರೆಸ್ಸುಗಳಿಗೂ ಒಂದೊಂದು ನಿಂಬೆಹಣ್ಣು ಕೊಯ್ದರೆ ನಾಲ್ಕನೆಯ ಪ್ರೆಸ್ಸಿಗೆ ಎರಡು ಕೊಯ್ಯುತ್ತಿದ್ದರು. ಅದಕ್ಕೆ ಮನುಷ್ಯರ ಮೇಲೆ ಹಗೆ ಅನ್ನುತ್ತಿದ್ದರು. "ಕಬ್ಬಿಣಕ್ಕೆ ಎಲ್ಲಿಯ ಹಗೆಯಪ್ಪಾ, ಸರಿಯಾಗಿ ಎಣ್ಣೆ ಬಿಡಿ ಸಾಕು" ಎಂದು ನಾನು ನಗುತ್ತಿದ್ದೆ. ನನ್ನ ಕಂಪ್ಯೂಟರಿಗೆ ವಿಭೂತಿ ಬಳಿಯಲು ಬಂದವರನ್ನು ಕೈ ಅಡ್ಡ ಹಿಡಿದು ಕಳಿಸುತ್ತಿದ್ದೆ.

ಯಂತ್ರ ಕೆಟ್ಟರೆ ಬರೆದುಕೊಳ್ಳುವುದು ನನ್ನ ಕೆಲಸ. ಯಾವ ಯಂತ್ರ, ಏನು ತೊಂದರೆ, ಯಾರು ಹೇಳಿದರು, ಎಷ್ಟು ಹೊತ್ತಿಗೆ, ಏನು ಮಾಡಲಾಯಿತು, ಹೀಗೆ ಐದು ಕಾಲಂ. ತಿಂಗಳಿಗೊಂದು ಫೈಲು. ಅದಕ್ಕೆ ಬ್ರೇಕ್‌ಡೌನ್ ರಿಜಿಸ್ಟರು ಎಂದು ಹೆಸರು.

ಆ ಗುರುವಾರಕ್ಕೆ ಹನ್ನೆರಡು ದಿನ ಮುಂಚೆ ನಾಲ್ಕನೆಯ ಪ್ರೆಸ್ಸಿನಲ್ಲಿ ಯಮನಪ್ಪ ಎಂಬ ಆಪರೇಟರನ ಬಲಗೈಯ ಎರಡು ಬೆರಳು ಹೋದವು. ಹುನಗುಂದದ ಕಡೆಯವನು. ಅತ್ತಿಬೆಲೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ಹೆಂಡತಿಯ ಜೊತೆ ಇದ್ದ. ಕೈ ಒಳಗಿದ್ದರೆ ಪ್ರೆಸ್ಸು ಇಳಿಯದಂತೆ ತಡೆಯುವ ಸೆನ್ಸರೊಂದು ಪ್ರತಿ ಪ್ರೆಸ್ಸಿಗೂ ಇರುತ್ತದೆ. ಅಂದು ಅದು ತಡೆಯಲಿಲ್ಲ.

ಸೆನ್ಸರಿನ ದೀಪ ಹತ್ತುತ್ತಿಲ್ಲ ಎಂದು ಯಮನಪ್ಪ ಅದಕ್ಕೆ ನಾಲ್ಕು ದಿನ ಮೊದಲೇ ಬಂದು ಹೇಳಿದ್ದ. ನಾನು ರಿಜಿಸ್ಟರಿನಲ್ಲಿ ಬರೆದಿದ್ದೆ. ಮಾರನೆಯ ದಿನ ಮತ್ತೆ ಬಂದ. ಬರೆದಾಗಿದೆಯಲ್ಲ ಎಂದು ಬರೆಯಲಿಲ್ಲ. ಮೂರನೆಯ ಸಲ ಬಂದಾಗ ನಾನು ಆಡಿಟ್ಟಿನ ಕಡತ ಹೊಲಿಯುತ್ತಿದ್ದೆ. "ನಿಂಗೆ ಬೇರೆ ಕೆಲ್ಸ ಇಲ್ವೇನಪ್ಪಾ? ಹೋಗು, ಬರ್ಕೊಂಡಿದೀನಿ" ಎಂದು ಗದರಿ ಕಳಿಸಿದೆ. ಆಗ ನಾವಿಬ್ಬರೇ ಇದ್ದೆವು.

ಬೆರಳು ಹೋದ ಮಾರನೆಯ ಬೆಳಿಗ್ಗೆ ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ಆ ಸಾಲು ತೆಗೀರಿ ಮೇಡಂ" ಎಂದರು. ತೆಗೆದೆ. ಇದನ್ನು ಮುಚ್ಚಿಟ್ಟು ಈ ಬರಹ ಬರೆಯುವುದರಲ್ಲಿ ಅರ್ಥವಿಲ್ಲ. ನಾನೇ ತೆಗೆದೆ.

ಅದಾದ ಒಂದು ವಾರಕ್ಕೆ ನನ್ನ ಹಳೆಯ ಕಂಪ್ಯೂಟರು ಬದಲಾಗಿ ಹೊಸದು ಬಂತು. ಹೊಸದರಲ್ಲಿ ಒಂದು ವಿಶೇಷ ಇತ್ತು. ನಾವು ಹೇಳಲಿ ಬಿಡಲಿ, ಫೈಲುಗಳ ಒಂದೊಂದು ಪ್ರತಿ ತಾನಾಗಿ ಕ್ಲೌಡಿಗೆ ಹೋಗುತ್ತಿತ್ತು. ಮನೆಯಲ್ಲಿ ಸಾರು ಮಾಡಿದಾಗಲೆಲ್ಲ ನಮ್ಮನ್ನು ಕೇಳದೆಯೇ ಒಂದು ಬಟ್ಟಲು ಪಕ್ಕದ ಮನೆಗೆ ಹೋದ ಹಾಗೆ. ಪರದೆಯ ಮೂಲೆಯಲ್ಲಿ ಸಣ್ಣದೊಂದು ಮೋಡದ ಗುರುತು, ಅದರ ಪಕ್ಕ ಸುತ್ತುವ ಎರಡು ಬಾಣ. ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಶಬ್ಬೀರ್ ಹಳೆಯದಕ್ಕೂ ಹೊಸದಕ್ಕೂ ಒಂದೇ ಖಾತೆ ಹಾಕಿ, ಒಂದು ದಿನ ಬಿಟ್ಟು, ಎಲ್ಲ ಫೈಲನ್ನೂ ಸಾಗಿಸಿಕೊಟ್ಟ. ಆಮೇಲೆ ಮ್ಯಾನೇಜರು ಹಳೆಯದರ ಹಾರ್ಡ್‌ಡಿಸ್ಕನ್ನು ಟೂಲ್‌ರೂಮಿಗೆ ಕಳಿಸಿ ಡ್ರಿಲ್ಲಿನಿಂದ ನಾಲ್ಕು ತೂತು ಕೊರೆಸಿದರು. ಕೊರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಡಿಸ್ಕು ಗಟ್ಟಿಯಾಗಿ ಭಾರವಾಗಿತ್ತು. ಚಲನ್ ಕಾಗದ ಫ್ಯಾನಿಗೆ ಹಾರದಿರಲೆಂದು ತಂದು ಮೇಜಿನ ಮೇಲೆ ಇಟ್ಟುಕೊಂಡೆ.

ಇನ್ನು ಗುರುವಾರಕ್ಕೆ ಬರುತ್ತೇನೆ. ಅಂದು ನಾಲ್ಕು ಗಂಟೆಗೆ ಯಮನಪ್ಪನ ವಿಚಾರಣೆ. ಜಾಸ್ತಿ ಪೀಸು ತೆಗೆಯುವ ಆಸೆಗೆ ಅವನೇ ಸೆನ್ಸರು ಕೆಲಸ ಮಾಡದಂತೆ ಕಟ್ಟಿಹಾಕಿದ ಎಂಬ ಆರೋಪ. ಅದು ಸಾಬೀತಾದರೆ ಕೆಲಸ ಹೋಗುತ್ತದೆ. ಎರಡು ಬೆರಳಿಲ್ಲದ, ಯಂತ್ರ ಕೆಡಿಸಿದ ಹೆಸರು ಹೊತ್ತವನನ್ನು ಆ ಇಡೀ ಪ್ರದೇಶದಲ್ಲಿ ಇನ್ಯಾವ ಗೇಟೂ ಒಳಗೆ ಬಿಡುವುದಿಲ್ಲ. ಬೆಳಿಗ್ಗೆಯೇ ಬಂದು ಅವನು ಗೇಟಿನಲ್ಲಿ ನಿಂತಿದ್ದ. ಕೈಗೆ ಬ್ಯಾಂಡೇಜು. ನನ್ನನ್ನು ಕಂಡು ಅಡ್ಡ ಬಂದ.

"ಅಕ್ಕಾರ, ಮೂರ ಸಲ ಹೇಳೀನ್ರಿ ನಿಮಗ. ಬರದೀರಿಲ್ಲೋ? ಬರದಿದ್ರ ತೋರಸ್ರಿ. ಇಲ್ಲಂದ್ರ ನನ್ನ ಮಾರಿ ನೋಡಿ, ಬರದಿಲ್ಲ ಅಂತರ ಹೇಳ್ರಿ."

ನಾನು ಮುಖ ನೋಡಲಿಲ್ಲ. ಹಾಜರಿ ಪಂಚ್ ಮಾಡಿ ಒಳಗೆ ಹೋದೆ.

ಮ್ಯಾನೇಜರು ಆ ತಿಂಗಳ ರಿಜಿಸ್ಟರಿನ ಪ್ರಿಂಟು ಕೇಳಿದ್ದರು. ಒಂಬತ್ತೂವರೆಗೆ ಫೋಲ್ಡರು ತೆಗೆದೆ. ಒಂದು ಫೈಲು ಇರಬೇಕಾದಲ್ಲಿ ಎರಡು ಇದ್ದವು. ಎರಡನೆಯದರ ಹೆಸರಿನ ಕೊನೆಗೆ ನನ್ನ ಹಳೆಯ ಕಂಪ್ಯೂಟರಿನ ಹೆಸರು ಅಂಟಿಕೊಂಡಿತ್ತು: ಸ್ಟೋರ್ಸ್-೨. ಅದನ್ನು ತೆರೆದರೆ, ನಾನು ತೆಗೆದ ಸಾಲು ತನ್ನ ಜಾಗದಲ್ಲಿ ಕೂತಿತ್ತು. ನಾಲ್ಕನೆಯ ಪ್ರೆಸ್ಸು, ಸೆನ್ಸರಿನ ದೀಪ ಇಲ್ಲ, ಹೇಳಿದವರು ಯಮನಪ್ಪ. ಹಳೆಯ ಪ್ರತಿಯೊಂದು ಎಲ್ಲೋ ಉಳಿದಿರಬೇಕು ಅಂದುಕೊಂಡೆ. ಫೈಲನ್ನು ಅಳಿಸಿದೆ. ಕಸದಬುಟ್ಟಿಯನ್ನೂ ಖಾಲಿ ಮಾಡಿದೆ.

ಚಹಾ ಕುಡಿದು ಬಂದೆ. ಮೋಡದ ಪಕ್ಕದ ಬಾಣಗಳು ಸುತ್ತುತ್ತಿದ್ದವು. ಫೈಲು ಮರಳಿ ಬಂದಿತ್ತು. ತೆರೆದೆ. ಈಗ ಎರಡು ಸಾಲು. ಮೊದಲನೆಯದರ ಕೆಳಗೆ ಮಾರನೆಯ ದಿನದ್ದು. ಯಮನಪ್ಪ ಮತ್ತೆ ಬಂದು ಹೇಳಿದ ಹೊತ್ತು ಇತ್ತು, ಕೊನೆಯ ಕಾಲಮ್ಮಿನಲ್ಲಿ ‘ಬರೆದುಕೊಂಡಿಲ್ಲ’ ಎಂದು ಇತ್ತು.

ಈ ಸಾಲನ್ನು ನಾನು ಯಾವತ್ತೂ ಟೈಪ್ ಮಾಡಿರಲಿಲ್ಲ. ನಾನು ಬರೆಯುವ ರೀತಿಯಲ್ಲೇ ಅದು ಬರೆದಿತ್ತು.

ಶಬ್ಬೀರನಿಗೆ ಫೋನ್ ಮಾಡಿದೆ. ಹನ್ನೆರಡಕ್ಕೆ ಬಂದ. ಮೊದಲು ನಕ್ಕ. "ಸಿಂಕ್ ಅಂದ್ರೆ ಹಂಗೇ ಮೇಡಂ. ನೀವು ಇಲ್ಲಿ ಡಿಲೀಟ್ ಮಾಡ್ತೀರ, ಇನ್ನೊಂದು ಸಿಸ್ಟಂನಲ್ಲಿ ಕಾಪಿ ಇರತ್ತೆ, ಅದು ಮೇಲೆ ಕಳ್ಸತ್ತೆ, ಮೇಲಿಂದ ನಿಮ್ಗೆ ಬರತ್ತೆ. ಹಾವು-ಏಣಿ ಆಟ ಇದ್ದಂಗೆ." ಆಮೇಲೆ ಏನೋ ಒತ್ತಿ ನೋಡಿದ. ಫೈಲು ಕೊನೆಯದಾಗಿ ಬದಲಾಗಿದ್ದು ಐದು ನಿಮಿಷದ ಹಿಂದೆ, ಬದಲಿಸಿದ್ದು ಸ್ಟೋರ್ಸ್-೨ ಎಂದು ತೋರಿಸುತ್ತಿತ್ತು.

"ಈ ಸಿಸ್ಟಂ ಎಲ್ಲಿದೆ ಮೇಡಂ? ಯಾರೋ ಕೂತ್ಕೊಂಡು ಆಟ ಆಡ್ತಿದಾರೆ."

ನಾನು ಚಲನ್‌ಗಳ ಮೇಲಿಂದ ಡಿಸ್ಕನ್ನು ಎತ್ತಿ ಅವನ ಕೈಗಿಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ಕಿಟಕಿಯನ್ನು ನೋಡಿದ. ಆಮೇಲೆ ನಗಲಿಲ್ಲ. ಪಾಸ್‌ವರ್ಡು ಬದಲಿಸಿದ, ಖಾತೆಯಿಂದ ಹಳೆಯ ಕಂಪ್ಯೂಟರಿನ ಹೆಸರು ಕಿತ್ತುಹಾಕಿದ, ಫೈಲನ್ನು ತಾನೇ ಅಳಿಸಿದ. "ಇನ್ನು ಬರಲ್ಲ" ಎಂದ. ಊಟ ಮಾಡಿಕೊಂಡು ಹೋಗು ಅಂದರೆ ಬೇಡ ಎಂದು ಹೊರಟ.

ಒಂದೂವರೆಗೆ ನಾವೆಲ್ಲ ಊಟಕ್ಕೆ ಕೂತಲ್ಲಿಗೆ ಮ್ಯಾನೇಜರು ಬಂದರು. ಯಾರೋ ಅವರಿಗೆ ಹೇಳಿದ್ದರು. "ಒಂದು ಫೈಲ್ ಡಿಲೀಟ್ ಮಾಡೋಕೆ ಕಂಪ್ಯೂಟರ್ ಡಾಕ್ಟ್ರು ಬೇಕಾ? ಹನ್ನೊಂದು ವರ್ಷದಿಂದ ಇಲ್ಲಿ ಕೂತು ಏನ್ ಕಡಿದು ಕಟ್ಟೆ ಹಾಕಿದ್ರಿ? ನೋಡಿ, ಆ ಪ್ರಿಂಟಲ್ಲಿ ಬೇಡದ್ದು ಏನಾದ್ರೂ ಬಂತೋ, ನಾಳೆ ನೀವೂ ಅವನ ಪಕ್ಕ ನಿಂತ್ಕೊಬೇಕಾಗತ್ತೆ." ಸುತ್ತ ಕೂತವರೆಲ್ಲ ಕೇಳಿಸದವರಂತೆ ತಟ್ಟೆ ನೋಡುತ್ತಿದ್ದರು. ನನ್ನ ಚಿತ್ರಾನ್ನ ಅರ್ಧ ಹಾಗೇ ಉಳಿಯಿತು.

ಮೇಜಿಗೆ ಬಂದು ಮೊದಲು ಮಾಡಿದ ಕೆಲಸ ಕಂಪ್ಯೂಟರಿನ ಹಿಂದಿನ ಇಂಟರ್‌ನೆಟ್ ವೈರು ಕಿತ್ತಿದ್ದು. ಅದಕ್ಕೆ ಹೊರಗಿನ ಸಂಪರ್ಕ ಅದೊಂದೇ. ವೈರನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕೆಳಗೆ ನಾಲ್ಕನೆಯ ಪ್ರೆಸ್ಸು ಬೇರೆಯವನ ಕೈಯಲ್ಲಿ ಓಡುತ್ತಿತ್ತು. ಅದರ ಒಂದೊಂದು ಏಟಿಗೂ ಮೇಜಿನ ಮೇಲಿನ ಡಿಸ್ಕು ಸಣ್ಣಗೆ ಅದುರುತ್ತಿತ್ತು. ಹನ್ನೊಂದು ವರ್ಷ ಕೇಳಿದ ಸದ್ದು ಅದು. ಅಂದು ಮಾತ್ರ ಅದು ನನ್ನನ್ನೇ ಹುಡುಕಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದೆ ಅನ್ನಿಸಿತು.

ಎರಡೂಮುಕ್ಕಾಲಿಗೆ ಪ್ರಿಂಟು ತೆಗೆಯಲು ಫೋಲ್ಡರು ತೆರೆದೆ. ಸ್ಟೋರ್ಸ್-೨ ಅಲ್ಲಿತ್ತು. ಬಾಣಗಳು ಸುತ್ತುತ್ತಿರಲಿಲ್ಲ, ಮೋಡದ ಮೇಲೆ ಅಡ್ಡಗೆರೆ ಬಿದ್ದಿತ್ತು, ವೈರು ನನ್ನ ಮಡಿಲಲ್ಲಿತ್ತು. ಫೈಲಿನಲ್ಲಿ ಮೂರು ಸಾಲು. ಮೂರನೆಯದರ ಕೊನೆಯ ಕಾಲಮ್ಮಿನಲ್ಲಿ, ಏನು ಮಾಡಲಾಯಿತು ಎಂಬಲ್ಲಿ, ಹೀಗಿತ್ತು: ‘ಗದರಿ ಕಳಿಸಲಾಯಿತು.’

ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕೋಣೆಯಲ್ಲಿ ಹೊಗೆ ಏಳಲಿಲ್ಲ, ಯಾರೂ ಕೂಗಲಿಲ್ಲ. ಆದರೆ ನಮ್ಮಿಬ್ಬರನ್ನು ಬಿಟ್ಟು ಇನ್ಯಾರೂ ಕೇಳದ ಮಾತು ಅದು. ಯಮನಪ್ಪ ಬೆಳಿಗ್ಗೆಯಿಂದ ಗೇಟಿನ ಆಚೆ ಕೂತಿದ್ದ. ನಾನು ಅಳಿಸಿದಷ್ಟೂ ಅದು ನನ್ನ ಹತ್ತಿರ ಬರುತ್ತಿತ್ತು. ಮೊದಲ ಸಾಲಿನ ತಪ್ಪು ಮ್ಯಾನೇಜರ ಮೇಲೆ, ಎರಡನೆಯದು ಅರ್ಧ ನನ್ನ ಮೇಲೆ, ಮೂರನೆಯದು ಪೂರ್ತಿ ನನ್ನ ಮೇಲೆ. ಮತ್ತೊಮ್ಮೆ ಅಳಿಸಿದರೆ ನಾಲ್ಕನೆಯದು ಏನೆಂದು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಳಿಸಲಿಲ್ಲ. ಪ್ರಿಂಟ್ ಒತ್ತಿದೆ.

ನಾಲ್ಕಕ್ಕೆ ವಿಚಾರಣೆ ಶುರುವಾಯಿತು. ಕಂಪನಿಯವರು ಕರೆಸಿದ್ದ ಒಬ್ಬ ವಕೀಲರು, ಮ್ಯಾನೇಜರು, ಯಮನಪ್ಪ, ನಾನು. ವಕೀಲರು ರಿಜಿಸ್ಟರು ಕೇಳಿದಾಗ ಮ್ಯಾನೇಜರು ಕೈ ಚಾಚಿದರು. ನಾನು ಅವರ ಕೈ ದಾಟಿಸಿ ವಕೀಲರಿಗೆ ಕೊಟ್ಟೆ. ಅವರು ಮೂರು ಸಾಲನ್ನೂ ಗಟ್ಟಿಯಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಿಮ್ಮ ಕಂಪ್ಯೂಟರಿಂದ ಬಂದದ್ದೇನಮ್ಮಾ?"

"ಹೌದು ಸಾರ್. ಗದರಿದ್ದು ನಾನೇ. ಮೊದಲನೇ ಸಾಲು ಆಮೇಲೆ ಅಳಿಸಿದ್ದೂ ನಾನೇ, ಇವರು ಹೇಳಿದ್ರು ಅಂತ."

ನಾಲ್ಕನೆಯ ಸಾಲನ್ನು ನಾನೇ ಹೇಳಿದ ಹಾಗಾಯಿತು. ಮ್ಯಾನೇಜರು ಏನೇನೋ ಕೂಗಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊರಗೆ ಬಂದ ಮೇಲೆ ಯಮನಪ್ಪ ಒಂದು ಒಳ್ಳೆಯ ಮಾತು ಆಡಬಹುದು ಎಂದು ನಾನು ಕಾದದ್ದು ನಿಜ. ಅವನು ಬ್ಯಾಂಡೇಜು ಕಟ್ಟಿದ ಕೈಯನ್ನು ನನ್ನ ಮುಖದ ಹತ್ತಿರ ತಂದ.

"ಇಷ್ಟೆಲ್ಲಾ ನಿಮಗ ನೆನಪಿತ್ತಂದ್ರ, ಹನ್ನೆರಡ ದಿನ ಏನ ಮಾಡಿದ್ರಿ ಅಕ್ಕಾರ?"

ಕೇಳಿ ಗೇಟಿನ ಕಡೆ ನಡೆದ. ನನ್ನ ಉತ್ತರಕ್ಕೆ ಕಾಯಲಿಲ್ಲ.

ಅವನ ಕೆಲಸ ಉಳಿಯಿತು. ಮಾಲು ಕಳಿಸುವ ಡಿಸ್ಪ್ಯಾಚ್ ವಿಭಾಗಕ್ಕೆ ಹಾಕಿದರು. ನನ್ನದು ತಿಂಗಳೊಳಗೆ ಹೋಯಿತು. ಈಗ ಸಿಂಗಸಂದ್ರದ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಬರೆದುಕೊಡುತ್ತೇನೆ, ಕೈಬರಹದಲ್ಲಿ. ವಿಚಾರಣೆಯ ಮಾರನೆಯ ದಿನ ಕಂಪ್ಯೂಟರಿನಲ್ಲಿ ಸ್ಟೋರ್ಸ್-೨ ಫೈಲು ಇರಲಿಲ್ಲ, ಕಸದಬುಟ್ಟಿಯಲ್ಲೂ ಇರಲಿಲ್ಲ. ವಕೀಲರ ಕಡತದಲ್ಲಿ ಆ ಪ್ರಿಂಟು ಮಾತ್ರ ಇತ್ತು. ಶಬ್ಬೀರನನ್ನು ಒಮ್ಮೆ ಬಸ್‌ಸ್ಟಾಪಿನಲ್ಲಿ ಕಂಡು ಕೇಳಿದೆ. ಮೊದಲ ಸಾಲಿಗೆ ಕಾರಣ ಹೇಳಬಲ್ಲೆ, ಎರಡನೆಯದಕ್ಕೆ ಕಷ್ಟ ಎಂದ. ಮೂರನೆಯದು ವೈರಿಲ್ಲದೆ ಬಂದದ್ದು ಎಂದು ಹೇಳಿದಾಗ, "ನೀವೇ ಟೈಪ್ ಮಾಡಿ ಮರ್ತಿರ್ತೀರ ಬಿಡಿ ಮೇಡಂ" ಎಂದು ಬಸ್ಸು ಹತ್ತಿದ. ಅದನ್ನೂ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಾಡಿದ್ದರೆ ನೆನಪಿರುತ್ತಿತ್ತು. ಇಲ್ಲ, ನಾನು ಮಾಡಿಲ್ಲ.

ಆ ಗುರುವಾರ ಸಂಜೆ ಮನೆಗೆ ಬಂದಾಗ ಏಳು ದಾಟಿತ್ತು. ಅತ್ತೆ ಬಾಗಿಲಲ್ಲೇ ನೋಡಿದರು. "ಯಾಕವ್ವಾ ಮಕ ಇಂಗಾಗೈತೆ? ಯಾರ್ ಏನಂದ್ರು?" ಯಾರೂ ಏನೂ ಅನ್ನಲಿಲ್ಲ ಎಂದೆ. ಒಲೆ ಹಚ್ಚುವ ಮೊದಲು ನೋಟ್‌ಬುಕ್ಕು ತೆಗೆದು, ಯಮನಪ್ಪ ಮೂರನೆಯ ಸಲ ಬಂದ ದಿನದ ಪುಟ ಹುಡುಕಿದೆ. ಅಲ್ಲಾದರೂ ಬರೆದಿದ್ದೆನೇನೋ, ಅಲ್ಲಿಂದ ಯಾರಾದರೂ ಓದಿದ್ದಾರೇನೋ ಎಂದು. ಅಂದು ಹಾಲು ಒಡೆದದ್ದು ಇತ್ತು, ಹೀರೇಕಾಯಿ ಬಜ್ಜಿ ಕರಿದದ್ದು ಇತ್ತು, ಅತ್ತೆಯ ಕಾಲುನೋವು ಇತ್ತು. ಅವನು ಬಂದದ್ದು ಇರಲಿಲ್ಲ.

ಮೊಳಕೆ ಹುರುಳಿಯ ಸಾರು, ಮುದ್ದೆ ಮಾಡಿದೆ. ಅತ್ತೆ ಒಂದು ಮುದ್ದೆ ಉಂಡರು, ನಾನು ಅರ್ಧ. ಅತ್ತೆ ಮೊದಲು ಮಲಗಿದರು.