ಅಸಲಿಗೆ ಸರಿ ಇದೆ

ನನ್ನ ಪುಸ್ತಕಗಳನ್ನು ಯಾರೂ ಓದುವುದಿಲ್ಲ ಎಂದು ಗೊಣಗುತ್ತಿದ್ದ ಕಾಲವೊಂದಿತ್ತು. ಈಗ ಗೊಣಗುವುದಿಲ್ಲ. ಒಬ್ಬರು ಓದಿದರು. ಆಮೇಲೆ ನನಗೆ ಓದುಗರ ಆಸೆಯೇ ಹೋಯಿತು.

ತೊಂಬತ್ತರ ದಶಕವನ್ನೆಲ್ಲ ನಾನು ಗುಂಡ್ಲುಪೇಟೆ ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನಾಗಿ ಕಳೆದೆ. ಮನೆ ಚಾಮರಾಜನಗರದಲ್ಲಿ. ಬೆಳಗ್ಗೆ ಬಸ್ಸು ಹತ್ತಿ ತೆರಕಣಾಂಬಿ ದಾಟಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ನಡುವೆ ಇಡೀ ದಿನ ಊರವರ ಪಹಣಿ, ಹಳೆಯ ಕ್ರಯಪತ್ರ, ಜನನ ಮರಣದ ದಾಖಲೆಗಳನ್ನು ನೋಡಿಕೊಂಡು ಕೈಯಲ್ಲಿ ನಕಲು ಬರೆಯುವುದು. ಪ್ರತಿ ನಕಲಿನ ಕೆಳಗೆ ‘ಅಸಲಿಗೆ ಸರಿ ಇದೆ’ ಎಂದು ಬರೆದು ಸಾಹೇಬರ ಸಹಿಗೆ ಇಡಬೇಕು. ಆ ಮೂರು ಪದ ಇದ್ದರೆ ಜನ ಅದನ್ನು ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಇಲ್ಲದಿದ್ದರೆ ಅದು ಬರೀ ಕಾಗದ.

ಮನೆಗೆ ಬಂದವನೇ ರೇಡಿಯೊದ ಮುಂದೆ ಕೂರುತ್ತಿದ್ದೆ. ಕರಕರ ಸದ್ದಿನ ಒಳಗಿಂದ ದೂರ ದೇಶದ ಸುದ್ದಿ ಹುಡುಕುವುದು ನನಗೊಂದು ಹುಚ್ಚು. ಯಾವ ದೇಶ ಯಾವ ದೇಶದ ಮೇಲೆ ಏರಿಹೋಯಿತು, ಎಷ್ಟು ಜನ ಊರು ಬಿಟ್ಟರು, ಎಲ್ಲವನ್ನೂ ಬರೆದಿಡುತ್ತಿದ್ದೆ. ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: “ಪಕ್ಕದ ಮನೇರ ಜೊತೆ ಮೋರಿ ಜಗಳ ಮೂರು ವರ್ಷದಿಂದ ಬಗೆಹರ್ಸಕ್ಕಾಗಿಲ್ಲ. ಇನ್ನು ಇರಾಕ್ ಜಗಳ ಬಗೆಹರುಸ್ತಾರೆ!”

ಕೊಲ್ಲಿ ಯುದ್ಧ ಶುರುವಾದಾಗ ಎದುರು ಮನೆಯ ಟಿವಿಯಲ್ಲಿ ವಾರ್ತೆ ನೋಡಲು ಹೋಗಿದ್ದೆ. ಕತ್ತಲೆಯ ಊರೊಂದರ ಮೇಲೆ ಬೆಳಕಿನ ಚುಕ್ಕಿಗಳು ಏರಿ ಏರಿ ಹೋಗುತ್ತಿದ್ದವು. ಕೂತಿದ್ದವರಲ್ಲಿ ಒಬ್ಬ, “ದೀಪಾವಳಿ ಇದ್ದಂಗದೆ ಕಣ್ಲಾ” ಅಂದ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಎದ್ದು ಮನೆಗೆ ಬಂದು ಬರೆಯಲು ಕೂತೆ. ‘ಯಂತ್ರವು ಯುದ್ಧವನ್ನು ಮನೆಯೊಳಗೆ ತಂದಿತು, ಸತ್ತವನನ್ನು ಮಾತ್ರ ಹೊರಗೇ ಬಿಟ್ಟಿತು’ ಎನ್ನುವುದು ನನ್ನ ಮೊದಲ ವಾಕ್ಯ. ಆ ವಾಕ್ಯದ ಮೇಲೆ ನನಗೆ ಬಹಳ ಜಂಬವಿತ್ತು.

ಹಾಗೆ ಬರೆದ ಮೇಲೆ ಸತ್ತವನೊಬ್ಬ ಬೇಕಲ್ಲ? ಕಟ್ಟಿದೆ. ಗುಂಡ್ಲುಪೇಟೆ ಕಡೆಯವನು, ಕುವೈತಿಗೆ ಹೋಗಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು, ಯುದ್ಧದ ಕೊನೆಯ ದಿನಗಳಲ್ಲಿ ಮರಳುಗಾಡಿನ ರಸ್ತೆಯಲ್ಲಿ ಸಾಲಾಗಿ ಸುಟ್ಟುಹೋದ ವಾಹನಗಳ ನಡುವೆ ಸಿಕ್ಕಿಕೊಂಡವನು. ಹೆಸರು ಕೊಡಲಿಲ್ಲ. ಗುರುತಿಗೆ ಒಂದೇ ಒಂದು ಸಂಗತಿ ಕೊಟ್ಟೆ. ಬಲಗೈಗೆ ವಾಚು, ಅದರ ಮುಖ ಅಂಗೈ ಕಡೆಗೆ. ಸ್ಟೀರಿಂಗ್ ಹಿಡಿದ ಕೈ ತಿರುಗಿಸದೆ ಹೊತ್ತು ನೋಡಲು ಡ್ರೈವರುಗಳು ಹಾಗೆ ಒಳಮುಖ ಮಾಡಿ ಕಟ್ಟುವುದನ್ನು ಬಸ್ ನಿಲ್ದಾಣದಲ್ಲಿ ದಿನಾ ನೋಡುತ್ತಿದ್ದೆ. ಬಲಗೈ ಯಾಕೆ ಎಂದು ನನ್ನನ್ನು ಕೇಳಿದರೆ ಆಗ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಬರೆದು ಮುಗಿಸಿದ ಮೇಲೆ ಮುನ್ನುಡಿ ಬರೆದೆ. ‘ಇಲ್ಲಿ ಬರುವುದೆಲ್ಲ ನಡೆದದ್ದೇ. ಅಸಲಿಗೆ ಸರಿ ಇದೆ.’ ಮೋಸ ಮಾಡಬೇಕೆಂದು ಬರೆದದ್ದಲ್ಲ. ದಿನವಿಡೀ ಪುಟದ ಕೆಳಗೆ ಅದನ್ನೇ ಬರೆದ ಕೈ, ಇಲ್ಲೂ ಬರೆಯಿತು. ಓದಿದಾಗ ಗತ್ತಾಗಿದೆ ಅನ್ನಿಸಿ ಹಾಗೇ ಬಿಟ್ಟೆ.

ಹಸ್ತಪ್ರತಿ ಕಳಿಸಿದ ಪ್ರಕಾಶಕರು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಲಿಲ್ಲ. ನಾನೇ ಅಚ್ಚು ಹಾಕಿಸಿದೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದೆ ಕಾಲಿನಲ್ಲಿ ತುಳಿಯುವ ಯಂತ್ರದ ಸಣ್ಣ ಪ್ರೆಸ್ಸೊಂದಿತ್ತು. ಮಾಲೀಕರೇ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಅಚ್ಚಾದ ಹಾಳೆಗಳನ್ನು ಮಡಿಸಿ, ಹೊಲಿದು, ರಟ್ಟು ಅಂಟಿಸಲು ಹಂಗಳದಿಂದ ದಿನಾ ಬರುತ್ತಿದ್ದ ಹೆಂಗಸೊಬ್ಬರಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣನ ಮನೆಯಲ್ಲಿದ್ದರು. ಏಳನೆಯ ತರಗತಿಯವರೆಗೆ ಓದಿದ್ದವರು. ಮಡಿಸುತ್ತಾ ಮಡಿಸುತ್ತಾ ಕಣ್ಣಿಗೆ ಬಿದ್ದ ಪುಟ ಓದುವ ಚಟ. “ಓದ್ತಾ ಕೂತ್ರೆ ಮಡ್ಸದ್ ಯಾವಾಗಮ್ಮಿ?” ಎಂದು ಮಾಲೀಕರು ದಿನಕ್ಕೊಮ್ಮೆ ಗದರುತ್ತಿದ್ದರು.

ಪಿತೃಪಕ್ಷಕ್ಕೆ ಮುಂಚಿನ ವಾರ, ಪುಸ್ತಕ ಎಷ್ಟಾಯಿತೆಂದು ನೋಡಲು ಕಚೇರಿಯಿಂದ ಊಟದ ಹೊತ್ತಿನಲ್ಲಿ ಪ್ರೆಸ್ಸಿಗೆ ಹೋದೆ. ಆಕೆ ಹಾಳೆ ಹಿಡಿದುಕೊಂಡೇ ಎದ್ದು ನಿಂತರು.

“ಸಾ, ಈ ಡ್ರೈವರ್ನ ಯಾರು ಕಂಡೋರು?”

ನಾನು ಬಾಯಿ ತೆರೆಯುವ ಮೊದಲೇ ಮಾಲೀಕರು ಅಂದರು: “ಮುನ್ನುಡೀಲೇ ಬರ್ದವ್ರಲ್ಲಮ್ಮಿ, ನಡ್ದದ್ದು ಅಂತ. ತಾಲ್ಲೂಕ್ ಆಪೀಸ್ನೋರು ಸುಳ್ ಬರ್ದಾರಾ?”

ಆಕೆ ತಮ್ಮ ವಿಷಯ ಹೇಳಿದರು. ತಾಯಿ ಸತ್ತ ಮೇಲೆ ಕೊನೆಯ ತಮ್ಮನನ್ನು ಸಾಕಿದವರು ಇವರೇ. ಅವನು ಲಾರಿ ಓಡಿಸುತ್ತಿದ್ದು, ಕೇರಳದ ಏಜೆಂಟೊಬ್ಬನ ಮೂಲಕ ಕುವೈತಿಗೆ ಹೋಗಿದ್ದ. ಗಲಾಟೆ ಶುರುವಾದ ಮೇಲೆ ಕಾಗದವಿಲ್ಲ. ಸರ್ಕಾರ ವಿಮಾನದಲ್ಲಿ ಕರೆತಂದವರ ಜೊತೆಯೂ ಬರಲಿಲ್ಲ. ಏಜೆಂಟನ ಅಂಗಡಿಗೆ ಬೀಗ. ಈಗ ಹಿರಿಯರ ಹಬ್ಬ ಬಂದಿದೆ. ನಮ್ಮ ಕಡೆ ಆ ದಿನ ಸತ್ತವರಿಗೆಲ್ಲ ಹೊಸ ಬಟ್ಟೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಅವರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಅದೇ ಎಡೆ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಸ್ಸು ಕತ್ತರಿಸಿದ ಹಾಗೆ. ಸತ್ತವನಿಗೆ ಇಡದಿದ್ದರೆ ಅವನು ಬಾಗಿಲವರೆಗೆ ಬಂದು ಹಸಿದುಕೊಂಡು ಹೋಗುತ್ತಾನೆ.

“ನಮ್ಮಣ್ಣ ಎಡೆ ಇಕ್ಬುಡನ ಅಂತನೆ. ಸಾಕ್ದೋಳು ನೀನು, ನೀನು ಹೂಂ ಅಂದ್ರೆ ಇಕ್ಕದು ಅಂತನೆ. ನಾ ಏನಂತ ಯೋಳ್ಲಿ ಸಾ?”

ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ಅಕ್ಕ, ಇದು ಕಟ್ಟುಕತೆ.’ ಮುಚ್ಚಿಟ್ಟು ಏನು ಪ್ರಯೋಜನ, ಮೊದಲು ನನಗಾದದ್ದು ಸಂತೋಷ. ನಾನು ಕಟ್ಟಿದ ಮನುಷ್ಯನನ್ನು ಒಬ್ಬರು ನಂಬಿದ್ದರು. ಮಾಲೀಕರು ಬೇರೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಅಲ್ಲಿಂದ ಬಂದವರೊಬ್ಬರು ಹೇಳಿದರು” ಅಂದೆ.

“ವಾಚು ಬಲಗೈಗೇ ಅಂದ್ರಾ?”

“ಹೂಂ.”

“ಮಕ ಒಳೀಕೆ?”

“ಹೂಂ.”

ಆಕೆ ತಮ್ಮ ಎಡ ಮಣಿಕಟ್ಟನ್ನು ಒಮ್ಮೆ ಸವರಿಕೊಂಡರು. “ಚಿಕ್ಕೋನಿದ್ದಾಗ ಅವ್ನ ಎಡಗೈ ಮ್ಯಾಲೆ ಬಿಸಿ ಗಂಜಿ ಚೆಲ್ಬುಟ್ಟಿದ್ದೆ ಸಾ. ಮಣಿಕಟ್ಟೆಲ್ಲ ಸುಟ್ಟೋಗಿತ್ತು. ಅದ್ಕೇ ಬಲಗೈಗೆ ಕಟ್ತಿದ್ದ” ಅಂದರು. ಆಮೇಲೆ ಕೂತು ಉಳಿದ ಹಾಳೆಗಳನ್ನು ಮಡಿಸಿದರು. ಒಂದು ಮಡಿಕೆಯೂ ಓರೆಯಾಗಲಿಲ್ಲ.

ಆ ವರ್ಷ ಹಂಗಳದ ಮನೆಯಲ್ಲಿ ಅವನಿಗೆ ಎಡೆ ಇಟ್ಟರು. ಪ್ಯಾಂಟು, ಶರ್ಟು, ಜೊತೆಗೊಂದು ಹೊಸ ವಾಚು. ನಾಟಿಕೋಳಿ ಸಾರು ಮಾಡಿದ್ದರಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಸುಳ್ಳಿನಲ್ಲಿ ಒಬ್ಬನ ತಿಥಿ ಮಾಡಿಸಿದ್ದೆ.

ಆಮೇಲಿನ ದಿನಗಳಲ್ಲಿ ಆಕೆಯ ಮುಖ ತಿಳಿಯಾಯಿತು. ಮಧ್ಯಾಹ್ನದ ಬುತ್ತಿಯನ್ನು ಪೂರ್ತಿ ಉಣ್ಣುವಷ್ಟಾದರು. ಮಾಲೀಕರಿಗೆ ಎದುರು ಮಾತಾಡಿ ನಗುವಷ್ಟಾದರು. ಅದನ್ನು ನೋಡಿ, ಸುಳ್ಳಾದರೂ ಒಳ್ಳೆಯದನ್ನೇ ಮಾಡಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಣ್ಣು ಕೇಳಬೇಕಲ್ಲ. ಬಸ್ ನಿಲ್ದಾಣದಲ್ಲಿ ಡ್ರೈವರುಗಳ ಮಣಿಕಟ್ಟನ್ನೇ ನೋಡುವುದು ನನಗೆ ರೋಗವಾಯಿತು. ಊಟಿ ಬಸ್ಸು, ಕೇರಳ ಗಡಿಯ ಮದ್ದೂರು ಕಾಡಿನ ಕಡೆಯಿಂದ ಬರುವ ಲಾರಿಗಳು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಬಲಗೈಗೆ ಒಳಮುಖ ವಾಚು ಕಟ್ಟಿದ್ದವನೊಬ್ಬ ಟೀ ಅಂಗಡಿಯಲ್ಲಿ ಸಿಕ್ಕಿದ. ಕುವೈತಿನಲ್ಲಿದ್ದಿರಾ ಎಂದು ಕೇಳಿಯೇಬಿಟ್ಟೆ. “ನಂಜನಗೂಡು ಬುಟ್ಟು ಆಚ್ಗೆ ಹೋದೋನಲ್ಲ ಸಾ ನಾನು” ಎಂದು ನಕ್ಕ. ಅವನ ಎಡಗೈ ನೋಡಿದೆ, ಸುಟ್ಟ ಗುರುತಿರಲಿಲ್ಲ. ಆ ದಿನ ಕಚೇರಿಯಲ್ಲಿ ಮೂರು ನಕಲು ತಪ್ಪು ಬರೆದೆ.

ಬರೆಯುವುದನ್ನೇನೂ ಬಿಡಲಿಲ್ಲ, ಆ ನಾಚಿಕೆಯೂ ಇದೆ. ರೇಡಿಯೊ ಹೊಸ ಹೊಸ ಯುದ್ಧಗಳನ್ನು ತರುತ್ತಿತ್ತು. ಬೋಸ್ನಿಯಾ ಬಂತು, ರುವಾಂಡ ಬಂತು. ಒಂದೊಂದಕ್ಕೂ ಒಂದು ಪುಸ್ತಕ, ಒಂದೊಂದರಲ್ಲೂ ನಾನು ಕಟ್ಟಿದ ಒಬ್ಬ ಮನುಷ್ಯ, ಮುಂದೆ ಅದೇ ಮುನ್ನುಡಿ. ಎಲ್ಲವನ್ನೂ ಆಕೆಯೇ ಮಡಿಸಿ ಹೊಲಿದರು. ಪ್ರತಿ ಸಲ ಸತ್ತವನ ಪುಟ ಬಂದಾಗ ತಲೆಯೆತ್ತಿ ಕೇಳುತ್ತಿದ್ದರು: “ಇವ್ನ ಕಡೆಯೋರ್ಗೆ ಗೊತ್ತಾಗದಾ ಸಾ?” ಗೊತ್ತಾಗಿದೆ ಅಕ್ಕ ಅನ್ನುತ್ತಿದ್ದೆ.

ತೊಂಬತ್ತೊಂಬತ್ತರಲ್ಲಿ ನಮ್ಮದೇ ದೇಶದ ಬೆಟ್ಟಗಳ ಮೇಲೆ ಯುದ್ಧವಾಯಿತು. ಟಿವಿಯಲ್ಲಿ ದಿನವಿಡೀ ಅದೇ. ನಾನು ಮತ್ತೊಂದು ಪುಸ್ತಕ ತೆಗೆದುಕೊಂಡು ಪ್ರೆಸ್ಸಿಗೆ ಹೋದೆ. ಮೊಳೆಗಳೆಲ್ಲ ಮೂಲೆ ಸೇರಿದ್ದವು. ಮಾಲೀಕರು ಕಂಪ್ಯೂಟರಿನ ಮುಂದೆ ಕೂತು ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. “ನಿಮ್ ಮುನ್ನುಡಿ ಸಾಲು ಆಗ್ಲೇ ಮಡಿಕ್ಕಂಡಿವ್ನಿ ಸಾ, ಪ್ರತಿ ಪುಸ್ತಕಕ್ಕೂ ಬೇಕಲ್ಲ” ಎಂದು ತೋರಿಸಿದರು. ಪರದೆಯ ಮೇಲೆ ಅದು ಕೂತಿತ್ತು. ‘ಅಸಲಿಗೆ ಸರಿ ಇದೆ.’

ಹಿಂದೆ ಆ ಸಾಲನ್ನು ಅವರು ಒಂದೊಂದೇ ಮೊಳೆ ಹೆಕ್ಕಿ ಜೋಡಿಸುವಾಗ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಬೇಡ ಅನ್ನಲು ಬೇಕಾದಷ್ಟು ಹೊತ್ತಿತ್ತು, ಅನ್ನಲಿಲ್ಲ. ಈಗ ನಾನು ಬರುವ ಮೊದಲೇ, ಏನು ಬರೆದಿದ್ದೇನೆಂದು ಯಾರೂ ನೋಡುವ ಮೊದಲೇ, ನನ್ನ ಸುಳ್ಳು ಸಿದ್ಧವಾಗಿ ಕಾಯುತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

“ತೆಗೆದುಬಿಡಿ ಅದನ್ನ” ಅಂದೆ.

“ಯಾಕ್ ಸಾ?”

“ಸುಳ್ಳು ಅದು. ಮೊದಲನೇ ಪುಸ್ತಕದಿಂದಲೂ ಸುಳ್ಳೇ.”

ಅವರು ಒಂದು ಗುಂಡಿ ಒತ್ತಿದರು, ಸಾಲು ಮಾಯವಾಯಿತು. ಹಿಂದೆ ಚಾಪೆಯ ಮೇಲೆ ಹೊಲಿಯುತ್ತಿದ್ದ ಆಕೆಯ ಸೂಜಿ ನಿಂತದ್ದು ನನಗೆ ಗೊತ್ತಾಯಿತು.

“ಆ ಡ್ರೈವರು?”

“ನಾನು ಕಟ್ಟಿದ್ದು ಅಕ್ಕ. ಯಾರೂ ಬಂದು ಹೇಳಲಿಲ್ಲ.”

“ವಾಚು?”

“ಅದೂ.”

ಬಯ್ಯಲಿ ಎಂದು ಕಾದೆ. ಕೈಯಲ್ಲಿದ್ದದ್ದನ್ನು ಮುಖಕ್ಕೆ ಎಸೆದಿದ್ದರೂ ನನಗೆ ಹಗುರಾಗುತ್ತಿತ್ತು. ಅದಕ್ಕಾಗಿಯೇ ಹೇಳಿದೆನೋ ಏನೋ. ಆಕೆ ಬೆರಳು ಮಡಿಸಿ ಎಣಿಸಿದರು. “ಎಂಟೊರ್ಸ ಇಕ್ಕಿವ್ನಿ ಸಾ. ಬದ್ಕಿರೋನ್ಗೆ ಇಕ್ಕಿದ್ರೆ…” ಅಂದರು. ಮತ್ತೆ ನನ್ನನ್ನೇ ನೋಡುತ್ತಾ ಕೇಳಿದರು: “ಅವತ್ತು ಸುಳ್ ಯೋಳುದ್ರೋ, ಇವತ್ತು ಯೋಳ್ತಿದ್ದೀರೋ?”

“ಅವತ್ತು.”

“ಅದ್ನ ನಾ ಎಂಗ್ ನಂಬ್ಲಿ?”

ಊರವರ ಕಾಗದಕ್ಕೆಲ್ಲ ಸರಿ ಇದೆ ಎಂದು ಬರೆದುಕೊಟ್ಟವನ ಹತ್ತಿರ ತನ್ನ ಮಾತಿಗೆ ಬರೆದುಕೊಡಲು ಏನೂ ಇರಲಿಲ್ಲ.

ಕೆಲವು ವಾರಗಳಲ್ಲಿ ಹಬ್ಬ ಬಂತು. ಹಬ್ಬ ಮುಗಿದ ಸೋಮವಾರ ತಡೆಯಲಾರದೆ ಪ್ರೆಸ್ಸಿಗೆ ಹೋದೆ. ಆಕೆ ಯಾವುದೋ ಮದುವೆಯ ಕರೆಯೋಲೆ ಮಡಿಸುತ್ತಿದ್ದರು. ನಾನು ಕೇಳುವ ಮೊದಲೇ ಅವರೇ ಹೇಳಿದರು.

“ಅವ್ನ ಎಲೆ ಹಾಕ್ದೆ. ಬಡುಸ್ಲಿಲ್ಲ. ಒಂದ್ ಚೊಂಬು ನೀರ್ ಮಡುಗ್ದೆ. ನೀರ್ನ ಬದ್ಕಿರೋರೂ ಕುಡೀಬೋದು, ಸತ್ತೋರೂ ಕುಡೀಬೋದು.” ಒಂದು ಕಾಗದ ಮಡಿಸಿ ಪಕ್ಕಕ್ಕಿಟ್ಟು ಮುಂದುವರಿಸಿದರು. “ಬಾಕ್ಲು ಮುಚ್ಚಕ್ಕೆ ಬುಡ್ಲಿಲ್ಲ ನಾನು. ಬದ್ಕಿದ್ರೆ ಬಾಕ್ಲಲ್ ತಾನೆ ಬರ್ಬೇಕು ಅವ್ನು? ಬಾಕ್ಲು ತೆಗ್ದಿದ್ರೆ ಹಿರೀಕ್ರು ಉಣ್ಣಲ್ಲ ಸಾ. ನಮ್ಮವ್ವ, ನಮ್ಮಪ್ಪ, ನಮ್ಮಜ್ಜೀರು, ಎಲ್ರೂ ಹಸ್ಕಂಡ್ ಹೋದ್ರು. ನಮ್ಮಣ್ಣ ನನ್ ಜೊತೆ ಮಾತ್ ಬುಟ್ಟವ್ನೆ.”

“ನನ್ನಿಂದ ತಪ್ಪಾಯ್ತು ಅಕ್ಕ. ಕ್ಷಮಿಸಿ” ಅಂದೆ.

“ನನ್ನೇನ್ ಕೇಳೀರಿ ಸಾ” ಅಂದರು. “ಅವ್ನು ಬಂದ್ರೆ ಅವ್ನ್ನೇ ಕೇಳಿ.”